ಕ್ಯೋಟೊದಲ್ಲಿ ಒಂದು ನಿಧಾನದ ದಿನ: ಒಬ್ಬರೇ ಪ್ರಯಾಣಿಸುವವರಿಗೆ ಕೆಲಸ ಮತ್ತು ಅಲೆದಾಟದ ಮಾರ್ಗದರ್ಶಿ

ಜಪಾನಿಗೆ ಒಬ್ಬರೇ ಹೋದವರ ಪ್ರವಾಸದಲ್ಲಿ ಐದನೆಯ ಅಥವಾ ಆರನೆಯ ದಿನದ ಹೊತ್ತಿಗೆ ಸಣ್ಣ ಕೆಲಸಗಳು ಗುಡ್ಡೆಯಾಗಿರುತ್ತವೆ. ಚೀಲದ ತಳದಲ್ಲಿ ಮಾಸಿದ ಬಟ್ಟೆ ಸೇರಿರುತ್ತದೆ, ಕೈಯಲ್ಲಿನ ನೋಟುಗಳು ಕರಗಿರುತ್ತವೆ, ಕೊಂಡ ಚಿತ್ರಕಾರ್ಡುಗಳು ಬರೆಯದೆ ಉಳಿದಿರುತ್ತವೆ, ಮುಂದಿನ ಊರಿಗೆ ಭಾರವಾದ ಪೆಟ್ಟಿಗೆಯನ್ನು ಎಳೆದುಕೊಂಡು ಹೋಗುವುದು ಹೇಗೆಂಬ ಚಿಂತೆಯೂ ಇರುತ್ತದೆ. ಹೆಚ್ಚಿನವರು ಈ ಕೆಲಸಗಳನ್ನು ಎರಡು ದೇವಾಲಯಗಳ ನಡುವಿನ ಬಿಡುವಿನಲ್ಲಿ ತುರುಕಲು ನೋಡಿ, ಕೆಲಸವೂ ಆಗದೆ ನೋಟವೂ ದಕ್ಕದೆ ದಣಿಯುತ್ತಾರೆ. ಇವುಗಳಿಗಾಗಿ ಒಂದು ಪೂರ್ತಿ ದಿನವನ್ನೇ ತೆಗೆದಿಡುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಬಟ್ಟೆ ಒಗೆಯಲು, ಅಂಚೆ ಹಾಕಲು, ತರಕಾರಿಯ ಬೀದಿಯಲ್ಲಿ ಹಣ್ಣು ಕೊಳ್ಳಲು ಹೋದಾಗ ನಾವು ತಲುಪುವುದು ಆ ಊರಿನವರು ದಿನವೂ ಓಡಾಡುವ ಕೇರಿಗಳನ್ನು. ಅಲ್ಲಿಗೆ ಬೇರಾವ ಪ್ರವಾಸಿ ನಕ್ಷೆಯೂ ನಮ್ಮನ್ನು ಕರೆದೊಯ್ಯುವುದಿಲ್ಲ.

ಈ ಲೇಖನದಲ್ಲಿ ಕ್ಯೋಟೊ ನಗರದ ಉತ್ತರ ಭಾಗದಲ್ಲಿರುವ ದೆಮಾಚಿಯನಾಗಿಯ ಸುತ್ತಮುತ್ತಲನ್ನು ಆರಿಸಿಕೊಂಡಿದ್ದೇನೆ. ಕಾಮೊ ಮತ್ತು ತಾಕಾನೊ ನದಿಗಳು ಕೂಡುವ ಜಾಗವಿದು. ಕ್ಯೋಟೊ ವಿಶ್ವವಿದ್ಯಾಲಯ ಹತ್ತಿರವೇ ಇರುವುದರಿಂದ ವಿದ್ಯಾರ್ಥಿಗಳು ಹೆಚ್ಚು. ಅವರಿಗೆ ಬೇಕಾದ, ನಾಣ್ಯ ಹಾಕಿ ಯಂತ್ರದಲ್ಲಿ ಬಟ್ಟೆ ಒಗೆದುಕೊಳ್ಳುವ ಕಾಯಿನ್ ಲಾಂಡ್ರಿ, ಅಗ್ಗದ ಊಟ, ಹಳೆಯ ಕಾಫಿ ಅಂಗಡಿ ಎಲ್ಲವೂ ನಡಿಗೆಯ ದೂರದಲ್ಲಿವೆ. ಕೇಹಾನ್ ರೈಲುಮಾರ್ಗ ಇಲ್ಲಿಗೆ ಬಂದು ಕೊನೆಗೊಳ್ಳುತ್ತದೆ. ಕ್ಯೋಟೊ ನಿಲ್ದಾಣದ ಕಡೆಯಿಂದ ಬರುವವರು ಕಾರಾಸುಮಾ ಸುರಂಗ ರೈಲಿನಲ್ಲಿ ಇಮಾದೆಗಾವಾದಲ್ಲಿ ಇಳಿದು, ಹಳೆಯ ಅರಮನೆಯ ಉದ್ಯಾನದ ಬದಿಯಲ್ಲಿ ಪೂರ್ವಕ್ಕೆ ನಡೆದು ಬರಬಹುದು.

ದಿನವನ್ನು ಆರಿಸುವುದು

ಮೊದಲ ಹೆಜ್ಜೆಯನ್ನು ಹಿಂದಿನ ರಾತ್ರಿಯೇ ಇಡಬೇಕು. ಊರು ಬಿಡುವುದಕ್ಕೆ ಒಂದು ದಿನ ಮುಂಚಿನ ದಿನವನ್ನು ಆರಿಸಿಕೊಳ್ಳಿ, ಅದು ಸೋಮವಾರದಿಂದ ಶುಕ್ರವಾರದ ಒಳಗಿನ ದಿನವಾಗಿರಲಿ. ಸಣ್ಣ ಅಂಚೆ ಕಚೇರಿಗಳು ಶನಿವಾರ ಮತ್ತು ಭಾನುವಾರ ಬಾಗಿಲು ತೆರೆಯುವುದಿಲ್ಲ. ನಾನು ಮೊದಲ ಸಲ ಇಂತಹ ದಿನವನ್ನು ಶನಿವಾರಕ್ಕೆ ಇಟ್ಟುಕೊಂಡು, ಬರೆದು ಮುಗಿಸಿದ ಎಂಟು ಕಾರ್ಡುಗಳನ್ನು ಹಿಡಿದು ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದೆ. ಆ ಕಾರ್ಡುಗಳು ಇನ್ನೆರಡು ಊರು ಸುತ್ತಿದ ಮೇಲೆಯೇ ಅಂಚೆ ಸೇರಿದವು.

ಕೆಲಸಗಳನ್ನು ಪಟ್ಟಿ ಮಾಡುವಾಗ ಯಾವುದು ಮುಖ್ಯ ಎಂಬುದಕ್ಕಿಂತ ಯಾವುದು ಬೇಗ ಮುಚ್ಚುತ್ತದೆ ಎಂಬುದನ್ನು ನೋಡಿ ಸಾಲು ಹಚ್ಚಬೇಕು. ಬಟ್ಟೆ ಒಗೆದಾದ ಮೇಲೆ ಪೆಟ್ಟಿಗೆ ತುಂಬಬೇಕು, ಪೆಟ್ಟಿಗೆ ತುಂಬಿದ ಮೇಲೆ ಅದನ್ನು ಮುಂದಿನ ಊರಿಗೆ ಕಳುಹಿಸಬೇಕು, ಆದ್ದರಿಂದ ಲಾಂಡ್ರಿಯೇ ಮೊದಲು. ಅಂಚೆ ಕೌಂಟರುಗಳು ಬೆಳಿಗ್ಗೆ 9ಕ್ಕೆ ತೆರೆದು ಸಾಮಾನ್ಯವಾಗಿ ಸಂಜೆ 5ಕ್ಕೆ ಮುಚ್ಚುತ್ತವೆ. ಪೇಟೆಬೀದಿಯ ಅಂಗಡಿಗಳು ಸಂಜೆಯ ಹೊತ್ತಿಗೆ ಒಂದೊಂದಾಗಿ ಬಾಗಿಲು ಹಾಕತೊಡಗುತ್ತವೆ. ಸಾರ್ವಜನಿಕ ಸ್ನಾನದ ಮನೆಗಳಾದರೋ ಮಧ್ಯಾಹ್ನದ ಮೇಲೆ ತೆರೆದು ರಾತ್ರಿಯವರೆಗೂ ಇರುತ್ತವೆ. ಈ ಸಮಯಗಳೇ ದಿನದ ಎಲುಬಾದರೆ ಉಳಿದದ್ದೆಲ್ಲ ಅಲೆದಾಟಕ್ಕೆ ಸಲ್ಲುತ್ತದೆ.

ಕೈಚೀಲದಲ್ಲಿ ಇರಬೇಕಾದವು ಕೆಲವೇ. ಪಾಸ್‌ಪೋರ್ಟ್ ಇರಲೇಬೇಕು, ಪ್ರವಾಸಿಗಳು ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ಅಲ್ಲಿನ ಕಾನೂನು. ಒಂದು ಬಟ್ಟೆಯ ಚೀಲವನ್ನು ಮಡಚಿ ಇಟ್ಟುಕೊಳ್ಳಿ, ಏಕೆಂದರೆ 2020ರ ಜುಲೈನಿಂದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಣ ತೆರಬೇಕು. ಬೀದಿಯಲ್ಲಿ ಕಸದ ತೊಟ್ಟಿ ಕಾಣಸಿಗುವುದು ಅಪರೂಪವಾದ್ದರಿಂದ ಕಸಕ್ಕೆಂದೇ ಇನ್ನೊಂದು ಸಣ್ಣ ಚೀಲ ಬೇಕು. ಸಂಜೆಯ ಸ್ನಾನಕ್ಕೆ ಒಂದು ತೆಳು ಟವೆಲ್ ಮತ್ತು ಸೋಪು, ಇವುಗಳೊಂದಿಗೆ ಒಂದು ಪೆನ್ನು. ಇಷ್ಟೇ ಸಾಕು.

ಲಾಂಡ್ರಿಯ ಮುಕ್ಕಾಲು ಗಂಟೆ

ಕಾಯಿನ್ ಲಾಂಡ್ರಿಗಳು ಬೆಳಿಗ್ಗೆ ಬೇಗನೆ ತೆರೆಯುತ್ತವೆ, ಕೆಲವು ಇಡೀ ದಿನ ತೆರೆದೇ ಇರುತ್ತವೆ. ಒಳಗೆ ಸಾಮಾನ್ಯವಾಗಿ ಯಾರೂ ಕೆಲಸಗಾರರು ಇರುವುದಿಲ್ಲವಾದ್ದರಿಂದ ಎರಡು ಪದಗಳನ್ನು ಮೊದಲೇ ಕಲಿತಿರಬೇಕು: ಒಗೆಯುವುದಕ್ಕೆ ಸೆಂತಾಕು, ಒಣಗಿಸುವುದಕ್ಕೆ ಕನ್ಸೋ. ಯಂತ್ರದ ಮೇಲೆ ಇವು ಚಿತ್ರಲಿಪಿಯಲ್ಲಿ ಇರುವುದರಿಂದ, ಆ ಎರಡು ಪದಗಳ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡು ಹೋಲಿಸಿ ನೋಡಿದರೆ ತಪ್ಪಾಗುವುದಿಲ್ಲ. ಒಗೆಯುವ ಯಂತ್ರ, ಒಣಗಿಸುವ ಯಂತ್ರ, ಎರಡನ್ನೂ ಒಟ್ಟಿಗೆ ಮಾಡುವ ಯಂತ್ರ ಎಂದು ಮೂರು ಬಗೆಗಳಿರುತ್ತವೆ. ಈಚಿನ ಅನೇಕ ಯಂತ್ರಗಳು ಸೋಪಿನ ದ್ರವವನ್ನು ತಾವೇ ಹಾಕಿಕೊಳ್ಳುತ್ತವೆ. ಆದ್ದರಿಂದ ಯಂತ್ರದ ಮೇಲಿನ ಸೂಚನೆಯನ್ನು ಫೋನಿನ ಅನುವಾದದಿಂದ ಓದಿಕೊಳ್ಳದೆ ಪುಡಿ ಸುರಿಯಬೇಡಿ.

ಒಣಗಿಸುವ ಯಂತ್ರಕ್ಕೆ 100 ಯೆನ್ ನಾಣ್ಯಕ್ಕೆ ಎಂಟು ಹತ್ತು ನಿಮಿಷಗಳ ಲೆಕ್ಕ. ದಪ್ಪ ಬಟ್ಟೆ ಇದ್ದರೆ ಮೂರು ನಾಲ್ಕು ನಾಣ್ಯ ಬೇಕಾಗುತ್ತದೆ. ನೋಟು ಮುರಿಸುವ ಯಂತ್ರ ಎಲ್ಲ ಕಡೆ ಇರುವುದಿಲ್ಲ. 2021ರಲ್ಲಿ ಬಂದ ಎರಡು ಬಣ್ಣದ 500 ಯೆನ್ ನಾಣ್ಯವನ್ನೂ 2024ರ ಜುಲೈನಲ್ಲಿ ಬಂದ ಹೊಸ ನೋಟುಗಳನ್ನೂ ಕೆಲವು ಹಳೆಯ ಯಂತ್ರಗಳು ಒಪ್ಪುವುದಿಲ್ಲ. ಹಿಂದಿನ ದಿನ ಸಿಕ್ಕ 100 ಯೆನ್ ನಾಣ್ಯಗಳನ್ನು ಖರ್ಚು ಮಾಡದೆ ಹತ್ತನ್ನಾದರೂ ಕೂಡಿಟ್ಟುಕೊಳ್ಳಿ. ಇಲ್ಲಿಂದ ಒಯ್ದ ಹತ್ತಿಯ ಕುರ್ತಾ ಮತ್ತು ಉಣ್ಣೆಯ ಬಟ್ಟೆಗಳನ್ನು ಆ ಬಿಸಿಗೆ ಹಾಕದೆ ಕೋಣೆಯಲ್ಲಿ ಹ್ಯಾಂಗರಿಗೆ ತೂಗುಹಾಕುವುದು ಲೇಸು.

ಯಂತ್ರದ ಮೇಲೆ ಉಳಿದ ನಿಮಿಷಗಳು ಕಾಣುತ್ತಿರುತ್ತವೆ. ಮೂವತ್ತೈದು ನಿಮಿಷವಿದ್ದರೆ ಅದೇ ನಿಮ್ಮ ಮೊದಲ ಅಲೆದಾಟದ ಅಳತೆ: ಹದಿನೈದು ನಿಮಿಷ ಒಂದೇ ದಿಕ್ಕಿನಲ್ಲಿ ಹೋಗಿ, ಬೇರೆ ಓಣಿಯಿಂದ ಮರಳಿ ಬನ್ನಿ. ಹಿಂದಿರುಗಬೇಕಾದ ಗಂಟೆಯೊಂದು ಇದ್ದಾಗ ಮನಸ್ಸು ಆಚೀಚೆ ಹರಿಯದೆ ಸುತ್ತಲಿನದನ್ನು ನೋಡುತ್ತದೆ. ಬಾಗಿಲ ಮುಂದೆ ಸಾಲಾಗಿ ಇಟ್ಟ ಹೂಕುಂಡಗಳು, ಹಳದಿ ಟೋಪಿ ತೊಟ್ಟು ಶಾಲೆಗೆ ನಡೆದುಹೋಗುವ ಮಕ್ಕಳು, ಮನೆಯ ಮುಂದಿನ ಬೀದಿಗೆ ನೀರು ಚಿಮುಕಿಸುವ ಅಜ್ಜಿಯರು ಕಣ್ಣಿಗೆ ಬೀಳುತ್ತಾರೆ. ನಮ್ಮ ಊರುಗಳಲ್ಲಿ ಅಂಗಳಕ್ಕೆ ನೀರು ಹಾಕುವುದನ್ನು ಕಂಡು ಬೆಳೆದವರಿಗೆ ಈ ಕೊನೆಯ ದೃಶ್ಯ ವಿವರಿಸದೆಯೂ ಅರ್ಥವಾಗುತ್ತದೆ. ಯಂತ್ರ ನಿಲ್ಲುವ ಹೊತ್ತಿಗೆ ಮರಳಿರಬೇಕು ಎಂಬುದು ಅಲ್ಲಿನ ಮರ್ಯಾದೆ. ತಡವಾದರೆ ಕಾದು ನಿಂತವರು ನಿಮ್ಮ ಬಟ್ಟೆಯನ್ನು ಬುಟ್ಟಿಗೆ ತೆಗೆದಿಡಬೇಕಾಗುತ್ತದೆ.

ಒಣಗುವ ಹೊತ್ತನ್ನು ಕಿಸ್ಸಾತೆನ್ ಎಂದು ಕರೆಯುವ ಹಳೆಯ ಬಗೆಯ ಕಾಫಿ ಅಂಗಡಿಯಲ್ಲಿ ಕಳೆಯಿರಿ. ಅಲ್ಲಿ ಬೆಳಿಗ್ಗೆ ಸುಮಾರು 11ರವರೆಗೆ ಮೋನಿಂಗು ಎಂಬ ತಿಂಡಿ ಸಿಗುತ್ತದೆ: ದಪ್ಪನೆಯ ಟೋಸ್ಟ್, ಬೇಯಿಸಿದ ಮೊಟ್ಟೆ, ಕಾಫಿ. ಮೊಟ್ಟೆ ತಿನ್ನದವರು ‘ತಾಮಾಗೊ ನಾಶಿ ದೆ’ ಎಂದರೆ ಮೊಟ್ಟೆ ಬೇಡವೆಂಬುದು ತಿಳಿಯುತ್ತದೆ. ಕೆಲವು ಸಣ್ಣ ಅಂಗಡಿಗಳಲ್ಲಿ ಈಗಲೂ ಧೂಮಪಾನಕ್ಕೆ ಅವಕಾಶವಿರುವುದರಿಂದ ಬಾಗಿಲಿನ ಫಲಕವನ್ನು ನೋಡಿ ಒಳಗೆ ಹೋಗಿ. ಹಣವನ್ನು ಹೊರಡುವಾಗ ಬಾಗಿಲ ಬಳಿಯ ಕೌಂಟರಿನಲ್ಲಿ, ಅಲ್ಲಿಟ್ಟಿರುವ ಸಣ್ಣ ತಟ್ಟೆಯ ಮೇಲೆ ಇಡಬೇಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಒಬ್ಬರೇ ಕುಳಿತು ಕಾಫಿ ಕುಡಿಯುವವರು ಅಲ್ಲಿ ಸರ್ವೇಸಾಮಾನ್ಯ. ಒಂಟಿಯಾಗಿದ್ದೇವೆ ಎಂಬ ಮುಜುಗರ ಇಲ್ಲಿಯೇ ಕಳಚಿ ಬೀಳುತ್ತದೆ. ಚಿತ್ರಕಾರ್ಡುಗಳನ್ನು ಬರೆಯಲು ಇದಕ್ಕಿಂತ ಒಳ್ಳೆಯ ಮೇಜು ಸಿಗಲಾರದು.

ಹಣ, ಅಂಚೆ, ಪೆಟ್ಟಿಗೆ

ಭಾರತದ ಕಾರ್ಡುಗಳ ವಿಷಯದಲ್ಲಿ ಒಂದು ಎಚ್ಚರಿಕೆ. 2020ರ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ, ವಿದೇಶದ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿಕೊಳ್ಳಬೇಕು. ಅದನ್ನು ಊರಿನಿಂದ ಹೊರಡುವ ಮುಂಚೆಯೇ ಮಾಡಿ ಮುಗಿಸಿ, ಏಕೆಂದರೆ ಒಟಿಪಿ ಬರುವ ಸಿಮ್ ಅಲ್ಲಿ ಕೆಲಸ ಮಾಡದೆ ಇರಬಹುದು. ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂ ಮತ್ತು ಅಂಚೆ ಬ್ಯಾಂಕಿನ ಎಟಿಎಂಗಳು ವಿದೇಶಿ ಕಾರ್ಡುಗಳನ್ನು ಸ್ವೀಕರಿಸುತ್ತವೆ. ಹಣವನ್ನು ರೂಪಾಯಿಯ ಲೆಕ್ಕದಲ್ಲಿ ಕಡಿತಗೊಳಿಸಬೇಕೆ ಎಂದು ಯಂತ್ರ ಕೇಳಿದರೆ ಯೆನ್ನನ್ನೇ ಆರಿಸಿ; ಇಲ್ಲದಿದ್ದರೆ ಪರಿವರ್ತನೆಯ ದರ ನಿಮಗೆ ಭಾರವಾಗುತ್ತದೆ.

ಅಂಚೆ ಕಚೇರಿಯನ್ನು ಗುರುತಿಸುವುದು ಸುಲಭ: ಕೆಂಪು ಬಣ್ಣದಲ್ಲಿ ಎರಡು ಅಡ್ಡಗೆರೆಗಳು, ಅವುಗಳ ಕೆಳಗೆ ಒಂದು ಕಂಬ. ಅಂಚೆಯನ್ನು ನೋಡಿಕೊಳ್ಳುತ್ತಿದ್ದ ಹಳೆಯ ಇಲಾಖೆಯ ಹೆಸರಿನ ಮೊದಲ ಉಚ್ಚಾರವಾದ ‘ತೆ’ ಎಂಬ ಅಕ್ಷರದಿಂದ ಬಂದ ಆ ಗುರುತು 1887ರಿಂದ ಬಳಕೆಯಲ್ಲಿದೆ. ಒಳಗೆ ಟೋಕನ್ ಯಂತ್ರವಿದ್ದರೆ ಚೀಟಿ ತೆಗೆದುಕೊಂಡು ಕುಳಿತುಕೊಳ್ಳಿ. ಕಾರ್ಡುಗಳನ್ನು ಕೊಟ್ಟು ‘ಇಂದೊ ಮಾದೆ’ ಎಂದರೆ ಭಾರತದವರೆಗೆ ಎಂದರ್ಥ. ವಿಮಾನದ ಮೂಲಕ ಹೋಗುವ ಚಿತ್ರಕಾರ್ಡಿಗೆ 2023ರ ಅಕ್ಟೋಬರಿನಿಂದ ಯಾವ ದೇಶಕ್ಕಾದರೂ 100 ಯೆನ್. ವಿಳಾಸವನ್ನೂ ಪಿನ್ ಕೋಡನ್ನೂ ಇಂಗ್ಲಿಷಿನಲ್ಲಿ ಬರೆದು ದೇಶದ ಹೆಸರನ್ನು ದೊಡ್ಡದಾಗಿ ಕಾಣಿಸಿದರೆ ಸಾಕು, ಒಳಗಿನ ಮಾತು ಕನ್ನಡದಲ್ಲಿಯೇ ಇರಲಿ. ಅಂಚೆಚೀಟಿಗಳನ್ನು ಆರಿಸಿಕೊಳ್ಳಲು ಕೇಳುವುದಕ್ಕೆ ಸಂಕೋಚ ಬೇಡ. ಋತುವಿಗೆ ತಕ್ಕ ಚಿತ್ರಗಳ ಹಾಳೆಗಳನ್ನು ಬಹಳಷ್ಟು ಕಚೇರಿಗಳಲ್ಲಿ ಇಟ್ಟಿರುತ್ತಾರೆ.

ಇನ್ನು ಪೆಟ್ಟಿಗೆ. ಒಗೆದ ಬಟ್ಟೆಗಳನ್ನು ಮಡಚಿ ತುಂಬಿ, ಒಂದು ರಾತ್ರಿಗೆ ಬೇಕಾದ ಬಟ್ಟೆ, ಔಷಧಿ, ಹಣ, ಚಾರ್ಜರ್ ಮತ್ತು ಪವರ್ ಬ್ಯಾಂಕನ್ನು ಬೆನ್ನುಚೀಲದಲ್ಲಿ ಉಳಿಸಿಕೊಂಡು, ಪೆಟ್ಟಿಗೆಯನ್ನು ತಕ್ಕ್ಯೂಬಿನ್ ಸೇವೆಗೆ ಒಪ್ಪಿಸಬಹುದು. ಯಾಮಾತೊ ಸಂಸ್ಥೆ 1976ರಲ್ಲಿ ಆರಂಭಿಸಿದ ಈ ಮನೆಬಾಗಿಲ ಸಾಗಣೆ ಇಂದು ಜಪಾನಿನ ದಿನಬಳಕೆಯ ಭಾಗ. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡ ಕಪ್ಪು ಬೆಕ್ಕಿನ ಚಿತ್ರವೇ ಅದರ ಗುರುತು. ನಿಮ್ಮ ವಸತಿಗೃಹದ ಸ್ವಾಗತ ಮೇಜಿನಲ್ಲಿ ಅಥವಾ ಸೆವೆನ್ ಇಲೆವೆನ್, ಫ್ಯಾಮಿಲಿಮಾರ್ಟ್ ಅಂಗಡಿಗಳಲ್ಲಿ ಪೆಟ್ಟಿಗೆಯನ್ನು ಕೊಡಬಹುದು. ಚೀಟಿಯಲ್ಲಿ ಮುಂದಿನ ವಸತಿಯ ಹೆಸರು, ವಿಳಾಸ, ದೂರವಾಣಿ, ನೀವು ಅಲ್ಲಿ ತಲುಪುವ ದಿನ ಮತ್ತು ಕಾಯ್ದಿರಿಸಿದವರ ಹೆಸರು ಸ್ಪಷ್ಟವಾಗಿರಬೇಕು. ಬೆಳಿಗ್ಗೆ ಕೊಟ್ಟರೆ ಕ್ಯೋಟೊದಿಂದ ಟೋಕಿಯೊಗೆ ಮರುದಿನ ಸೇರುತ್ತದೆ. ದೊಡ್ಡ ಪೆಟ್ಟಿಗೆಗೆ 2,000 ಯೆನ್ ಅಥವಾ ಅದಕ್ಕಿಂತ ತುಸು ಹೆಚ್ಚು ಖರ್ಚಾಗಬಹುದು. ಕಿಕ್ಕಿರಿದ ರೈಲಿನಲ್ಲಿ ಆ ಪೆಟ್ಟಿಗೆಯನ್ನು ಒಬ್ಬರೇ ಹತ್ತಿಸಿ ಇಳಿಸುವ ಶ್ರಮವನ್ನು ನೆನೆದರೆ ಇದು ನನಗೆ ಎಂದೂ ದುಬಾರಿಯೆನಿಸಿಲ್ಲ. ರಸೀದಿಯನ್ನು ಪಾಸ್‌ಪೋರ್ಟಿನೊಳಗೆ ಇಡಿ.

ಪೇಟೆಬೀದಿಯಿಂದ ನದಿಗೆ

ಇಷ್ಟಾಗುವಾಗ ಹನ್ನೊಂದರ ಆಸುಪಾಸು ಆಗಿರುತ್ತದೆ. ಈಗ ದೆಮಾಚಿ ಮಾಸುಗಾತಾ ಎಂಬ, ಮೇಲೆ ಚಾವಣಿ ಹೊದಿಸಿದ ಸಣ್ಣ ಪೇಟೆಬೀದಿಗೆ ಬನ್ನಿ. ಚಾವಣಿಯಿಂದ ಒಂದು ದೊಡ್ಡ ಸಾಬಾ ಮೀನಿನ ಆಕೃತಿ ತೂಗುತ್ತಿರುತ್ತದೆ. ಸಾಬಾ ನಮ್ಮ ಕರಾವಳಿಯ ಬಂಗುಡೆಯ ಬಂಧು. ಉತ್ತರದ ಕಡಲತೀರದ ವಾಕಾಸಾ ಸೀಮೆಯಲ್ಲಿ ಉಪ್ಪು ಹಚ್ಚಿದ ಮೀನನ್ನು ಹೊತ್ತವರು ಬೆಟ್ಟಗಳನ್ನು ದಾಟಿ, ಸುಮಾರು 70 ಕಿಲೋಮೀಟರು ನಡೆದು ಆಗಿನ ರಾಜಧಾನಿಯಾದ ಕ್ಯೋಟೊಗೆ ತರುತ್ತಿದ್ದರು. ಆ ದಾರಿ ಮುಗಿಯುತ್ತಿದ್ದದ್ದು ಈ ದೆಮಾಚಿಯಲ್ಲಿ. ಕಡಲು ದೂರವಿದ್ದ ಊರಿಗೆ ಮೀನು ಕೆಡದೆ ಬರಲು ಉಪ್ಪೇ ಆಧಾರವಾಗಿತ್ತು, ದಾರಿಯುದ್ದಕ್ಕೂ ಆ ಉಪ್ಪು ಹದವಾಗಿ ಒಳಗಿಳಿಯುತ್ತಿತ್ತು. ಘಟ್ಟ ಹತ್ತಿ ಬರುತ್ತಿದ್ದ ಒಣಮೀನು, ಉಪ್ಪಿನ ಹೇರುಗಳ ಕಥೆ ಕೇಳಿ ಬೆಳೆದವರಿಗೆ ಈ ಬೀದಿಯ ಇತಿಹಾಸ ಪರಕೀಯವೆನಿಸದು.

ಸಸ್ಯಾಹಾರಿಗಳು ಇಲ್ಲಿ ತುಸು ಜಾಗ್ರತೆಯಿಂದ ಊಟ ಕೂಡಿಸಿಕೊಳ್ಳಬೇಕು. ಕಣ್ಣಿಗೆ ಮೀನು ಕಾಣದಿದ್ದರೂ ಉದೋನ್ ಎಂಬ ಗೋಧಿ ನೂಡಲ್ಸಿನ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ಸಿಹಿಯಾದ ಹುರಿದ ತೋಫುವಿನಲ್ಲಿಯೂ ದಾಶಿ ಎಂಬ ಮೀನಿನ ಕಷಾಯ ಸೇರಿರುವುದು ಸಾಮಾನ್ಯ. ಮಾಂಸ ಬೇಡ ಎಂದಷ್ಟೇ ಹೇಳಿದರೆ ಅದು ಬಿಟ್ಟುಹೋಗುವುದಿಲ್ಲ, ‘ಸಾಕಾನಾ ನೊ ದಾಶಿ’ ಇದೆಯೇ ಎಂದೇ ಕೇಳಬೇಕು. ಹಣ್ಣು, ತಾಜಾ ತೋಫು, ಬೇಕರಿಯ ಬ್ರೆಡ್ಡು, ಬರೀ ಉಪ್ಪು ಹಾಕಿದ ಅನ್ನದ ಉಂಡೆ, ಇವುಗಳ ಜೊತೆಗೆ ಕ್ಯೋಟೊದ ಉತ್ತರದ ಹೊಲಗಳಲ್ಲಿ ಬೆಳೆಯುವ ಒಂದು ಬಗೆಯ ಟರ್ನಿಪ್ ಗೆಡ್ಡೆಯನ್ನು ಉಪ್ಪಿನಲ್ಲಿ ಹುಳಿಬರಿಸಿದ ಸುಗುಕಿ ಉಪ್ಪಿನಕಾಯಿ ಇದ್ದರೆ ಒಂದು ಹೊತ್ತಿನ ಊಟ ತೃಪ್ತಿಯಾಗಿ ಮುಗಿಯುತ್ತದೆ.

ಬೀದಿಯ ತಿರುವಿನಲ್ಲಿ, ಕಾವಾರಾಮಾಚಿ ರಸ್ತೆಯ ಬದಿಗೆ, ಜನರ ಸಾಲು ಕಂಡರೆ ಅದು 1899ರಲ್ಲಿ ಆರಂಭವಾದ ಫುತಾಬಾ ಎಂಬ ಸಿಹಿಯಂಗಡಿ. ಅವರ ಮಾಮೆಮೋಚಿ ಎಂದರೆ ಮೆತ್ತನೆಯ ಅಂಟಕ್ಕಿಯ ಹಿಟ್ಟಿನೊಳಗೆ ಅಲಸಂದೆಯ ಕುಲದ ಕೆಂಪು ಕಾಳಿನ ಹೂರಣ, ಹೊರಗಿನ ಹಿಟ್ಟಿನಲ್ಲಿ ಅಲ್ಲಲ್ಲಿ ಉಪ್ಪುಪ್ಪಾದ ಬಟಾಣಿ. ಸಿಹಿಗೆ ಉಪ್ಪು ತಾಗುವ ಆ ರುಚಿಗಾಗಿ ಅರ್ಧ ಗಂಟೆ ನಿಲ್ಲುವುದು ತಕ್ಕದ್ದೇ, ಅಲ್ಲದೆ ಈ ದಿನ ನಿಮಗೆ ಅವಸರವೇನೂ ಇಲ್ಲ. ಆದರೆ ಅದು ಮರುದಿನಕ್ಕೆ ಗಟ್ಟಿಯಾಗುತ್ತದೆ. ಎರಡೇ ಕೊಂಡು ಅಂದೇ ತಿನ್ನಿ.

ಅಲ್ಲಿಂದ ಮೂರು ನಿಮಿಷ ನಡೆದರೆ ನದಿಗಳ ಸಂಗಮ. ವಾಯವ್ಯದಿಂದ ಬರುವ ಕಾಮೊ, ಈಶಾನ್ಯದಿಂದ ಬರುವ ತಾಕಾನೊ ಕೂಡಿ ಮುಂದೆ ಹರಿಯುವ ನದಿಯ ಹೆಸರೂ ಕಾಮೊ ಎಂದೇ, ಉಚ್ಚಾರ ಒಂದೇ ಆದರೂ ಕೂಡಿದ ಮೇಲೆ ಬರೆಯುವ ಚಿತ್ರಲಿಪಿ ಬೇರೆ. ನೀರಿನ ಅಡ್ಡಕ್ಕೆ ಆಮೆಯ ಮತ್ತು ಹಕ್ಕಿಯ ಆಕಾರದ ದಾಟುಗಲ್ಲುಗಳನ್ನು ಇಟ್ಟಿದ್ದಾರೆ; ಒಂದೊಂದೇ ಕಲ್ಲಿಗೆ ಹೆಜ್ಜೆಯಿಟ್ಟು ಆಚೆ ದಡ ಸೇರಬಹುದು. ಎದುರಿನಿಂದ ಯಾರಾದರೂ ಬಂದರೆ ಅಗಲವಾದ ಕಲ್ಲಿನ ಮೇಲೆ ನಿಂತು ದಾರಿ ಬಿಡಿ. ಮಳೆ ಬಂದ ಮರುದಿನ, ಅಥವಾ ನೀರು ಕಲ್ಲನ್ನು ತೊಳೆಯುತ್ತಿದ್ದರೆ, ದಾಟುವ ಯೋಚನೆಯನ್ನೇ ಬಿಡಿ. ಊಟವನ್ನು ದಡದಲ್ಲಿ ಕುಳಿತು ಮಾಡುವುದಾದರೆ ಮರದ ಕೆಳಗೆ, ಆಕಾಶಕ್ಕೆ ಬೆನ್ನು ಮರೆಯಾಗುವಂತೆ ಕುಳಿತುಕೊಳ್ಳಿ. ಇಲ್ಲಿನ ಹದ್ದುಗಳು ಹಿಂದಿನಿಂದ ಎರಗಿ ಕೈಯಲ್ಲಿದ್ದ ತಿಂಡಿಯನ್ನು ಕಸಿದೊಯ್ಯುತ್ತವೆ, ಉಗುರು ತಾಗಿದರೆ ಗಾಯವೂ ಆದೀತು.

ಸಂಗಮದಿಂದ ಉತ್ತರಕ್ಕೆ ತಾದಾಸು ನೊ ಮೊರಿ ಎಂಬ ಕಾಡು. ನಗರದ ನಡುವೆ ಸುಮಾರು 12 ಹೆಕ್ಟೇರಿನಷ್ಟು ಉಳಿದುಬಂದ ಈ ಹಳೆಯ ಮರಗಳ ಸಾಲಿನ ಒಳಗೆ, ಸಣ್ಣ ತೊರೆಗಳ ಪಕ್ಕದ ಮಣ್ಣಿನ ದಾರಿ ಶಿಮೊಗಾಮೊ ದೇವಾಲಯಕ್ಕೆ ಒಯ್ಯುತ್ತದೆ. ಕೊಡಗಿನ ದೇವರಕಾಡುಗಳನ್ನು ಕಂಡವರಿಗೆ, ದೇವರ ಹೆಸರಿನಲ್ಲಿ ಕೊಡಲಿ ತಾಗದೆ ಉಳಿದ ಮರಗಳ ನಡುವಿನ ತಂಪು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಇಲ್ಲಿ ಯಾವ ಕೆಲಸವೂ ಇಲ್ಲ. ಒಂದು ಗಂಟೆ ಸುಮ್ಮನೆ ಕುಳಿತಿರಿ.

ದಾರಿ ತಪ್ಪುವುದನ್ನು ಸರಿಯಾಗಿ ಮಾಡುವುದು

ಮಧ್ಯಾಹ್ನದ ನಂತರ ಫೋನನ್ನು ಚೀಲದೊಳಗಿಟ್ಟು ನಡೆಯಬೇಕೆಂದು ನನ್ನ ಒತ್ತಾಯ, ಏಕೆಂದರೆ ಕ್ಯೋಟೊದಲ್ಲಿ ನಿಜವಾಗಿ ಕಳೆದುಹೋಗುವುದು ಕಷ್ಟ. 794ರಲ್ಲಿ ರಾಜಧಾನಿಯಾಗಿ ಕಟ್ಟುವಾಗ ಹಾಕಿದ ಚೌಕುಳಿ ಬೀದಿಗಳ ವಿನ್ಯಾಸ ಇಂದಿಗೂ ಬಹುಮಟ್ಟಿಗೆ ಉಳಿದಿದೆ. ಬೆಟ್ಟಗಳು ಉತ್ತರ, ಪೂರ್ವ, ಪಶ್ಚಿಮದಲ್ಲಿವೆ, ದಕ್ಷಿಣ ತೆರೆದಿದೆ, ನದಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಈಶಾನ್ಯದಲ್ಲಿ 848 ಮೀಟರಿನ ಹಿಯೆಯ್ ಬೆಟ್ಟ ಕಂಡರೆ ದಿಕ್ಕು ತಿಳಿದಂತೆಯೇ. ಊರಿನವರು ವಿಳಾಸ ಹೇಳುವಾಗಲೂ ಉತ್ತರಕ್ಕೆ ಹೋಗುವುದಕ್ಕೆ ‘ಅಗಾರು’, ಅಂದರೆ ಮೇಲೇರು, ದಕ್ಷಿಣಕ್ಕೆ ‘ಸಾಗಾರು’, ಅಂದರೆ ಇಳಿ ಎನ್ನುತ್ತಾರೆ. ಈ ಎರಡು ಪದ ಗೊತ್ತಿದ್ದರೆ ಯಾರಾದರೂ ಹೇಳಿದ ದಾರಿ ಅರ್ಧ ಅರ್ಥವಾಗುತ್ತದೆ. ಪೂರ್ತಿ ತಿಳಿಯದಾದಾಗ ಕೋಬಾನ್ ಎಂಬ ಸಣ್ಣ ಪೊಲೀಸ್ ಚೌಕಿಗೆ ಹೋಗಿ ಕೇಳಿ. ದಾರಿ ತೋರಿಸುವುದೂ ಕಳೆದ ವಸ್ತುವನ್ನು ದಾಖಲಿಸಿಕೊಳ್ಳುವುದೂ ಅವರ ದಿನನಿತ್ಯದ ಕೆಲಸ.

ಕುರಾಮಾಗುಚಿ ಬೀದಿಯನ್ನು ಹಿಡಿದು ಪಶ್ಚಿಮಕ್ಕೆ ನಡೆದರೆ ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ನಿಶಿಜಿನ್ ನೇಕಾರರ ಸೀಮೆಯ ಅಂಚನ್ನು ತಲುಪುತ್ತೀರಿ. 1467ರಿಂದ ಹತ್ತು ವರ್ಷ ನಡೆದ ಓನಿನ್ ಯುದ್ಧದಲ್ಲಿ ಪಶ್ಚಿಮದ ದಂಡು ಬೀಡುಬಿಟ್ಟಿದ್ದರಿಂದ ಆ ಹೆಸರು ಬಂತು, ಯುದ್ಧ ಮುಗಿದ ಮೇಲೆ ಚದುರಿಹೋಗಿದ್ದ ನೇಕಾರರು ಅಲ್ಲಿಗೆ ಮರಳಿ ನೆಲೆಸಿದರು. ಮರದ ಕಂಬಿಗಳ ಕಿಟಕಿಯುಳ್ಳ ಕಿರಿದಾದ, ಹಿಂದಕ್ಕೆ ಉದ್ದವಾಗಿ ಚಾಚಿದ ಹಳೆಯ ಮನೆಗಳು ಸಾಲಾಗಿವೆ. ಮನೆಗಳು ವಾಸದವು, ಬಾಗಿಲೊಳಗೆ ಕ್ಯಾಮೆರಾ ತೂರಿಸಬಾರದು. ಕಾಲು ಸೋತರೆ ಬಸ್ಸು ಹತ್ತಿ: ಹಿಂಬಾಗಿಲಿನಿಂದ ಹತ್ತಿ ಮುಂಬಾಗಿಲಿನಿಂದ ಇಳಿಯುವಾಗ ಹಣ ಕೊಡುವುದು ಕ್ರಮ, ನಗರದ ಒಳವಲಯಕ್ಕೆ ಒಂದೇ ದರ, 230 ಯೆನ್. ಪೆಟ್ಟಿಗೆಯಲ್ಲಿ ಹಾಕಿದ ಹಣಕ್ಕೆ ಚಿಲ್ಲರೆ ಮರಳುವುದಿಲ್ಲವಾದ್ದರಿಂದ ಪಕ್ಕದ ಯಂತ್ರದಲ್ಲಿ ಮೊದಲೇ ಮುರಿಸಿಕೊಳ್ಳಿ, ಇಲ್ಲವೆ ಮುಂಗಡವಾಗಿ ಹಣ ತುಂಬಿಸಿಕೊಳ್ಳುವ ಇಕೋಕಾದಂತಹ ಕಾರ್ಡನ್ನು ತಾಗಿಸಿ. ಹಳೆಯ ಬರಹಗಳಲ್ಲಿ ಕಾಣುವ ಬಸ್ಸಿನ ಒಂದು ದಿನದ ಪಾಸು ಈಗಿಲ್ಲ, 2023ರಲ್ಲಿ ಅದರ ಮಾರಾಟ ನಿಂತಿತು.

ಸಂಜೆಯ ಬಿಸಿನೀರು

ದಿನದ ಕೊನೆಯ ಕೆಲಸ ಸ್ನಾನ. ಸೆಂತೊ ಎಂಬ ಸಾರ್ವಜನಿಕ ಸ್ನಾನದ ಮನೆಗಳು ಕ್ಯೋಟೊದಲ್ಲಿ ಇನ್ನೂ ಸಾಕಷ್ಟು ಉಳಿದಿವೆ, ದರ 500 ಯೆನ್ನಿನ ಆಸುಪಾಸು. ಕುರಾಮಾಗುಚಿ ಬೀದಿಯಲ್ಲಿಯೇ ಇರುವ, 1923ರಲ್ಲಿ ಕಟ್ಟಿದ ಫುನಾಒಕಾ ಒನ್ಸೆನ್ ಇವುಗಳಲ್ಲಿ ಹೆಸರಾದದ್ದು. ಬಟ್ಟೆ ಕಳಚುವ ಕೋಣೆಯ ಕೆತ್ತನೆಯ ಮರದ ಹಲಗೆಗಳನ್ನೂ ಬಣ್ಣದ ಹೊಳಪು ಹೆಂಚುಗಳನ್ನೂ ಕತ್ತೆತ್ತಿ ನೋಡುತ್ತ ನಿಲ್ಲಬೇಕೆನಿಸುತ್ತದೆ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಾಗಿಲು, ತೆರೆಯ ಮೇಲೆ ಅಕ್ಷರವಿರುತ್ತದೆ. ಗೊಂದಲವಾದರೆ ಒಳಗೆ ಕಾಲಿಡುವ ಮುಂಚೆ ಕೇಳಿ.

ಪೂರ್ತಿ ಬತ್ತಲೆಯಾಗಿ ಸ್ನಾನ ಮಾಡುವುದು ನಮಗೆ ಹೊಸದು, ಮೊದಲ ಐದು ನಿಮಿಷ ನಾಚಿಕೆಯಾಗುವುದು ಸಹಜ. ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಎಂಬುದು ತಿಳಿದಾಗ ಅದು ಹೋಗುತ್ತದೆ. ಸಣ್ಣ ಮಣೆಯ ಮೇಲೆ ಕುಳಿತು ಮೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದು, ನೊರೆ ಉಳಿಯದಂತೆ ನೀರು ಹೊಯ್ದುಕೊಂಡ ನಂತರವೇ ತೊಟ್ಟಿಗೆ ಇಳಿಯಬೇಕು. ತೊಟ್ಟಿಯಿರುವುದು ಕಾವಿಗೆ, ಕೊಳೆ ಬಿಡಿಸಲಿಕ್ಕಲ್ಲ. ಉದ್ದ ಕೂದಲನ್ನು ಕಟ್ಟಿ, ಟವೆಲನ್ನು ನೀರಿಗೆ ತಾಗದಂತೆ ಅಂಚಿನ ಮೇಲೆ ಇಡಿ. ನೀರು ನಮ್ಮ ಹಂಡೆಯ ನೀರಿಗಿಂತಲೂ ಸುಡುವಂತಿರಬಹುದು. ಮೂರು ನಾಲ್ಕು ನಿಮಿಷಕ್ಕೊಮ್ಮೆ ಮೇಲೆದ್ದು ಬನ್ನಿ, ತಲೆ ಹಗುರವಾದಂತೆ ಅನಿಸಿದರೆ ಕೂಡಲೇ ಕುಳಿತು ನೀರು ಕುಡಿಯಿರಿ. ಒಬ್ಬರೇ ಇರುವವರು ಈ ಎಚ್ಚರವನ್ನು ಮರೆಯಬಾರದು.

ಹೊರಗೆ ಬಂದು ಒದ್ದೆ ಕೂದಲಿನಲ್ಲಿ ನಿಂತಾಗ ಸಂಜೆ ಆರೂವರೆಯಾಗಿದ್ದರೆ ಊರಿನಲ್ಲಿ ಮಧ್ಯಾಹ್ನ ಮೂರು ಗಂಟೆ, ಮನೆಯವರು ಊಟ ಮುಗಿಸಿ ಬಿಡುವಾಗಿರುವ ಹೊತ್ತು. ರಸ್ತೆಯ ಬದಿಯ ಯಂತ್ರದಿಂದ ತಣ್ಣನೆಯ ಬಾರ್ಲಿ ಚಹಾದ ಬಾಟಲಿಯೊಂದನ್ನು ತೆಗೆದುಕೊಂಡು ಮನೆಗೆ ಕರೆ ಮಾಡಿ, ಕಾರ್ಡು ಹೊರಟಿದೆ ಎಂದು ಮಾತ್ರ ಹೇಳಬೇಡಿ. ಅದು ತಾನೇ ಹೋಗಿ ತಲುಪಲಿ.